ಸುಣ್ಣದ ಗೆರೆ ಮಾಸುವ ಮೊದಲು

ಆಗಸ್ಟ್ ೧೦

ಪ್ರೀತಿಯ ಮಾಮ,

ಮೊದಲು ಗುಟ್ಟು, ಕ್ಷೇಮಸಮಾಚಾರ ಆಮೇಲೆ. ಈ ಕಾಗದ ಓದಿ ಮುಗಿಸಿದ ಮೇಲೆ ಅಮ್ಮನಿಗೆ ಫೋನ್ ಮಾಡಿ ಒಂದಕ್ಷರವನ್ನೂ ಬಾಯಿಬಿಡಬಾರದು. ನಾನು ಕಾಲೇಜಿನ ಫ್ರಿಸ್ಬಿ ತಂಡ ಸೇರಿದ್ದೇನೆ. ಅಮ್ಮನ ಲೆಕ್ಕದಲ್ಲಿ ನಾನು ಸಂಜೆ ಗ್ರಂಥಾಲಯದಲ್ಲಿ ಕೂತು ರಸಾಯನಶಾಸ್ತ್ರ ಓದುತ್ತಿರುತ್ತೇನೆ. ಹುಲ್ಲಿನ ಬೀಜ ಅಂಟಿದ ಕಾಲುಚೀಲಗಳನ್ನು ನಾನೇ ಒಗೆದು ಕಿಟಕಿಯ ಹೊರಗೆ ಒಣಗಿಸುತ್ತಿದ್ದೇನೆ. ಮಗಳಿಗೆ ಇದ್ದಕ್ಕಿದ್ದಂತೆ ಬಟ್ಟೆ ಒಗೆಯುವ ಬುದ್ಧಿ ಹೇಗೆ ಬಂತು ಎಂದು ಅಮ್ಮ ನನ್ನನ್ನು ಓರೆಗಣ್ಣಿನಿಂದ ನೋಡುತ್ತಿದ್ದಾಳೆ.

ಸೇರಿದ್ದು ನಿನ್ನಿಂದಲೇ. ಆಟದ ಸಾಮಾನಿನ ಕೋಣೆಯಲ್ಲಿ, ಹರಿದ ಬಲೆಗಳ ರಾಶಿಯ ಹಿಂದೆ, ಒಂದು ಹಳೆಯ ಫೋಟೋ ನೇತುಹಾಕಿದ್ದಾರೆ. ಕೆಳಗೆ 'ನಮ್ಮ ಮೊದಲ ಫ್ರಿಸ್ಬಿ ತಂಡ' ಎಂದಿದೆ. ಮುಂದಿನ ಸಾಲಿನಲ್ಲಿ ಹೆಗಲವರೆಗೆ ಕೂದಲು ಬಿಟ್ಟು ಕೂತವನು ಯಾರಪ್ಪ ಎಂದು ಹತ್ತಿರ ಹೋಗಿ ನೋಡಿದರೆ ನೀನು. ಕಿವಿಯಿಂದ ಗುರುತು ಹಿಡಿದೆ. ಈಗಿನ ನಿನ್ನ ತಲೆಯನ್ನು ನೋಡಿದವರು ಆ ಕೂದಲನ್ನು ನಂಬುವುದು ಕಷ್ಟ. ನಿನ್ನ ಪಕ್ಕದಲ್ಲಿ ಒಬ್ಬ ಉದ್ದನೆಯ ಹುಡುಗ ಮುಖಕ್ಕೆ ಡಿಸ್ಕ್ ಅಡ್ಡ ಹಿಡಿದು ಒಂಟಿ ಕಾಲಲ್ಲಿ ನಿಂತಿದ್ದಾನೆ. ಮನೆಗೆ ಬಂದು, ಮಾಮ ಕಾಲೇಜಿನಲ್ಲಿ ಏನು ಆಡುತ್ತಿದ್ದ ಎಂದು ಅಮ್ಮನನ್ನು ಕೇಳಿದೆ. "ತಟ್ಟೆ ಎಸೀತಿದ್ದ" ಎಂದು ಪಾತ್ರೆ ತೊಳೆಯಲು ಹೋದಳು. ತೊಳೆಯಲು ಪಾತ್ರೆಯೇ ಇರಲಿಲ್ಲ.

ನನಗೆ ಆರು ವರ್ಷವಿದ್ದಾಗ ತಾರಸಿಯ ಮೇಲೆ ಬಕೆಟ್ಟಿನ ಮುಚ್ಚಳ ಎಸೆಯಲು ಕಲಿಸಿದವನು, ಇಷ್ಟು ದೊಡ್ಡ ವಿಷಯವನ್ನು ಒಮ್ಮೆಯಾದರೂ ಹೇಳಬಾರದಿತ್ತೆ?

ಆಟ ನನಗೆ ಹುಚ್ಚು ಹಿಡಿಸಿದೆ. ಏಳು ಜನ ಈ ಕಡೆ, ಏಳು ಜನ ಆ ಕಡೆ. ಡಿಸ್ಕ್ ಕೈಯಲ್ಲಿದ್ದವರು ಓಡುವಂತಿಲ್ಲ, ಒಂದು ಕಾಲು ನೆಲಕ್ಕೆ ಊರಿ ನಿಂತೇ ಎಸೆಯಬೇಕು. ಆ ತುದಿಯ ಗೆರೆಗಳ ಒಳಗೆ ನಮ್ಮವರು ಹಿಡಿದರೆ ಒಂದು ಅಂಕ. ಎಲ್ಲಕ್ಕಿಂತ ಸೋಜಿಗ, ಮೈದಾನದಲ್ಲಿ ತೀರ್ಪುಗಾರರೇ ಇಲ್ಲ. ತಪ್ಪಾದರೆ ಆಡುವವರೇ ಹೇಳಬೇಕು, ಆಡುವವರೇ ಒಪ್ಪಬೇಕು. ನಿನಗೆ ಗೊತ್ತಿರುವುದನ್ನೇ ನಿನಗೆ ಹೇಳುತ್ತಿದ್ದೇನೆ, ಸಹಿಸಿಕೊ.

ಈ ಸಲ ಮೂರು ಟೂರ್ನಿಗಳಿವೆ. ಕೊನೆಯದು ಫೆಬ್ರವರಿಯಲ್ಲಿ, ನಮ್ಮ ಮೈದಾನದಲ್ಲೇ. ನೀನು ಬರಲೇಬೇಕು. ಬಂದಾಗಲೆಲ್ಲ ಅಡುಗೆಮನೆಯ ಸ್ಟೂಲಿನ ಮೇಲೆ ಎರಡು ದಿನ ಕೂತು, ಕಾಲೇಜು ರಸ್ತೆಯ ಕಡೆ ತಲೆಯನ್ನೂ ಹಾಕದೆ ಬಸ್ಸು ಹತ್ತುತ್ತೀಯಲ್ಲ, ಆ ಆಟ ಈ ಸಲ ನಡೆಯುವುದಿಲ್ಲ.

ನಿನ್ನ ಸೊಸೆ

*

ಆಗಸ್ಟ್ ೨೬

ಪುಟ್ಟೀ,

ಫೋನ್ ಮಾಡದೆ ಕಾಗದ ಬರೆದೆಯಲ್ಲ, ಜಾಣೆ. ನಿಮ್ಮ ಮನೆಯ ಫೋನಿಗೆ ನಿನ್ನಮ್ಮನ ಕಿವಿ ಅಂಟಿಕೊಂಡಿರುತ್ತದೆ. ಲಿಫ್ಟ್ ರಿಪೇರಿಗೆ ತಳದ ಹಳ್ಳಕ್ಕಿಳಿದರೆ ನನ್ನ ಫೋನಿಗೆ ಉಸಿರೇ ಇರುವುದಿಲ್ಲ. ನಿನ್ನ ಕಾಗದವನ್ನೂ ಒಂದು ಒಂಬತ್ತಂತಸ್ತಿನ ಕಟ್ಟಡದ ತಳದಲ್ಲಿ, ಲಿಫ್ಟನ್ನು ಮೇಲೆ ನಿಲ್ಲಿಸಿ, ಟಾರ್ಚ್ ಹಿಡಿದು ಓದಿದೆ. ಮೇಲೆ ಯಾರೋ ಬಟನ್ ಒತ್ತಿ ಒತ್ತಿ ಬಯ್ಯುತ್ತಿದ್ದರು. ಬಯ್ಯಲಿ ಎಂದು ಎರಡನೆಯ ಸಲವೂ ಓದಿದೆ.

ಆ ಫೋಟೋವನ್ನು ಇನ್ನೂ ಇಟ್ಟಿದ್ದಾರೆಯೇ? ಪುಟ್ಟಿ, ನಮ್ಮ ಕೈಯಲ್ಲಿ ಮೊದಲು ಡಿಸ್ಕ್ ಇರಲಿಲ್ಲ. ಹಾಸ್ಟೆಲಿಗೆ ಬಣ್ಣ ಹೊಡೆಯಲು ಬಂದವರು ಬಿಟ್ಟುಹೋದ ಡಬ್ಬದ ಮುಚ್ಚಳ ಇತ್ತು. ಅದರ ಅಂಚು ತಾಗಿ ಎಲ್ಲರ ಬೆರಳೂ ಕೊಯ್ದುಕೊಂಡಿದ್ದವು. ಬ್ಯಾಂಡೇಜು ಸುತ್ತಿಕೊಂಡು ಪರೀಕ್ಷೆ ಬರೆದೆವು. ಆಮೇಲೆ ಒಂದು ನಿಜವಾದ ಡಿಸ್ಕ್ ಬಂತು, ಬಿಳಿಯದು. ಅದನ್ನು ಯಾರ ಕೋಣೆಯಲ್ಲಿ ಇಡಬೇಕೆಂದು ಸರದಿ ಹಾಕಿದ್ದೆವು. ಬೆಳಿಗ್ಗೆ ಮಂಜಿನಲ್ಲಿ ಹುಲ್ಲು ಒದ್ದೆಯಾಗಿರುತ್ತಿತ್ತು. ಎಸೆದ ಡಿಸ್ಕಿನಿಂದ ನೀರು ಸುತ್ತಲೂ ಚಿಮ್ಮಿ ಹಿಡಿಯುವವನ ಮುಖಕ್ಕೆ ಹಾರುತ್ತಿತ್ತು. ಆ ತಣ್ಣನೆಯ ಹನಿಗಳು ನನಗೆ ಈಗಲೂ ಒಮ್ಮೊಮ್ಮೆ ಕೆಲಸದ ಮಧ್ಯೆ ನೆನಪಾಗುತ್ತವೆ.

ತಂಡದಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವಂತಿರಲಿಲ್ಲ. ಮೊದಲ ಟೂರ್ನಿಯಲ್ಲಿ ನೀನು ಮಾಡುವ ಎಡವಟ್ಟೇ ನಿನ್ನ ಹೆಸರು. ಗಾಳಿ ಎತ್ತ ಬೀಸುತ್ತದೆಂದು ನೋಡಲು ಹೋಗಿ ಸುತ್ತಿ ಸುತ್ತಿ ಬಿದ್ದ ನಾನು ಬುಗುರಿಯಾದೆ. ನಿನ್ನ ಫೋಟೋದ ಉದ್ದನೆಯವನು ಕೊಕ್ಕರೆ. ಡಿಸ್ಕ್ ಕೈಗೆ ಬಂದರೆ ಒಂದು ಕಾಲು ಊರಿ, ಇನ್ನೊಂದನ್ನು ಎತ್ತಿ, ಕತ್ತು ಚಾಚಿ, ಯಾರಿಗೆ ಎಸೆಯಲಿ ಎಂದು ನೋಡುತ್ತಾ ನಿಲ್ಲುತ್ತಿದ್ದ. ಹತ್ತು ಎಣಿಸುವುದರೊಳಗೆ ಎಸೆಯಬೇಕು, ಎದುರಿನವರು ಮುಖದ ಮುಂದೆ ಎಣಿಸುತ್ತಿದ್ದರೂ ಅವನಿಗೆ ಅವಸರವಿಲ್ಲ. ನಾನು ಓಡಲು ಶುರುಮಾಡುವ ಮೊದಲೇ ನಾನೆಲ್ಲಿಗೆ ಹೋಗುತ್ತೇನೆಂದು ಅವನಿಗೆ ಗೊತ್ತಿರುತ್ತಿತ್ತು. ಕಣ್ಣು ಮುಚ್ಚಿ ಓಡುತ್ತಿದ್ದೆ ಕಣೇ, ತಲೆ ಎತ್ತಿದರೆ ಡಿಸ್ಕ್ ಅಲ್ಲಿರುತ್ತಿತ್ತು. ಅಂಥ ಗೆಳೆಯ ಅವನು.

ಒಂದು ಬುದ್ಧಿಮಾತು. ಎಸೆಯುವಾಗ ನಾಲಿಗೆ ಕಚ್ಚಿಕೊಳ್ಳಬೇಡ. ತಾರಸಿಯ ಕಾಲದಿಂದ ನಿನಗೆ ಆ ಚಾಳಿ ಇದೆ. ನನ್ನಿಂದಲೇ ಬಂದದ್ದು, ಬೇರೆ ಯಾರನ್ನೂ ದೂರುವಂತಿಲ್ಲ.

ಫೆಬ್ರವರಿಯಲ್ಲಿ ಇಲ್ಲಿ ಎಲ್ಲ ಲಿಫ್ಟುಗಳ ವಾರ್ಷಿಕ ತಪಾಸಣೆ. ರಜೆ ಸಿಗುವುದಿಲ್ಲ. ನೀನು ಬರೆ, ನಾನು ಅದರಲ್ಲೇ ಆಟ ನೋಡುತ್ತೇನೆ.

ಮಾಮ

*

ಸೆಪ್ಟೆಂಬರ್ ೨೪

ಪ್ರೀತಿಯ ಮಾಮ,

ಮೊದಲ ಟೂರ್ನಿ ಮುಗಿಯಿತು. ಆಡಿದ ಐದನ್ನೂ ಸೋತೆವು. ಆ ಊರಿನ ಮೈದಾನ ಒಂದು ಕಡೆಗೆ ಇಳಿಜಾರಾಗಿತ್ತು ಎಂದು ಬಸ್ಸಿನಲ್ಲಿ ಎಲ್ಲರೂ ಗೊಣಗಿದೆವು. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನಮ್ಮ ಕೋಚ್ ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದರು.

ನನಗೆ ಹೆಸರು ಬಂತು. ಡಿಸ್ಕ್ ಕೈಜಾರಿದಾಗಲೆಲ್ಲ ಅಯ್ಯೋ ಎನ್ನುತ್ತಿದ್ದೆನಂತೆ. ಎರಡನೆಯ ಪಂದ್ಯದ ಹೊತ್ತಿಗೆ ಮೈದಾನದ ತುಂಬ "ಅಯ್ಯೋ, ಎಡಕ್ಕೆ ಓಡು", "ಅಯ್ಯೋ, ನಿನ್ನ ಹಿಂದೆ". ಎದುರು ತಂಡದವರು ಏನೋ ಅನಾಹುತವಾಗಿದೆ ಎಂದು ಆಟ ನಿಲ್ಲಿಸಿ ಕೇಳಿದರು. ಆಟ ಮುಗಿದ ಮೇಲೆ ಎರಡೂ ತಂಡದವರು ಹೆಗಲ ಮೇಲೆ ಕೈ ಹಾಕಿ ಸುತ್ತ ನಿಲ್ಲುತ್ತೇವೆ. ಒಬ್ಬೊಬ್ಬರೂ ಎದುರಿನವರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕು. ನನ್ನ ಬಗ್ಗೆ ಹೇಳಲು ಹೊರಟ ಹುಡುಗ ಬಹಳ ಯೋಚಿಸಿ, ಇವರ ದನಿ ಚೆನ್ನಾಗಿದೆ ಎಂದ.

ಕೋಚ್ ಎಂದೆನಲ್ಲ, ಅವರು ಕಾಲೇಜಿನವರಲ್ಲ. ಗೇಟಿನ ಎದುರು ಕನ್ನಡಕದ ಅಂಗಡಿ ಇಟ್ಟಿದ್ದಾರೆ. ಸಂಜೆ ಷಟರ್ ಅರ್ಧ ಎಳೆದು ಮೈದಾನಕ್ಕೆ ಬರುತ್ತಾರೆ. ಬೋಳುತಲೆ, ಬೊಜ್ಜಿನ ಹೊಟ್ಟೆ, ಹಣೆಯ ಮೇಲೆ ಒಂದು, ಮೂಗಿನ ಮೇಲೆ ಒಂದು ಕನ್ನಡಕ. ಎಲ್ಲರಿಗೂ ಅವರು ಚಾಳೀಸು ಸರ್. ನಾನು ಮೊದಲ ದಿನ ಎಸೆದಾಗ ಬಹಳ ಹೊತ್ತು ನನ್ನ ಮುಖ ನೋಡಿ, "ಇನ್ನೊಂದ್ಸಲ ಎಸಿ" ಎಂದಿದ್ದರು. ಅಷ್ಟು ಕೆಟ್ಟದಾಗಿ ಎಸೆದೆನೇನೋ.

ಕೊಕ್ಕರೆಯ ವಿಷಯ ಓದಿ ಬೇಜಾರಾಯಿತು ಮಾಮ. ಇದ್ದ, ನಿಲ್ಲುತ್ತಿದ್ದ, ಅಂಥ ಗೆಳೆಯ ಅವನು ಎಂದೆಲ್ಲ ನೀನು ಬರೆದದ್ದು ಓದಿದರೇ ಗೊತ್ತಾಗುತ್ತದೆ. ಅವರು ತೀರಿಕೊಂಡು ಎಷ್ಟು ವರ್ಷವಾಯಿತು? ಅದಕ್ಕೇ ನೀನು ಈ ಕಡೆ ಬರುವುದಿಲ್ಲ ಎಂದು ಈಗ ಅರ್ಥವಾಯಿತು. ಆದರೂ ಬಾ. ನೆನಪು ಹಂಚಿಕೊಂಡರೆ ಹಗುರವಾಗುತ್ತದೆ.

ಅಯ್ಯೋ (ನಗಬೇಡ)

*

ಅಕ್ಟೋಬರ್ ೫

ಅಯ್ಯೋ ಎಂಬ ನನ್ನ ಸೊಸೆಗೆ,

ನಕ್ಕೆ. ಕ್ಷಮಿಸು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಹಾಗೆ, ಐದನ್ನೂ ಸೋತರೂ ದನಿ ಚೆನ್ನಾಗಿದೆ ಎನಿಸಿಕೊಂಡು ಬಂದೆಯಲ್ಲ. ನಮ್ಮ ಮೊದಲ ವರ್ಷವೂ ಹೀಗೇ ಇತ್ತು.

ಕೊಕ್ಕರೆಯ ವಿಷಯ ಬಿಡು. ತುಂಬ ವರ್ಷವಾಯಿತು.

ಅವನ ಕೋಣೆ ಹಾಸ್ಟೆಲಿನ ಮೇಲಿನ ಮಹಡಿಯಲ್ಲಿತ್ತು, ನನ್ನದು ಎದುರಿನ ಕಟ್ಟಡದಲ್ಲಿ. ನಡುವೆ ಅಂಗಳ. ಅವನು ಕಿಟಕಿಯಿಂದ ಎಸೆದರೆ ನಾನು ನನ್ನ ಕಿಟಕಿಯಲ್ಲಿ ಹಿಡಿಯಬೇಕು. ಡಿಸ್ಕಿನ ಒಳಮೈಗೆ ಚೀಟಿ ಅಂಟಿಸಿ ಕಳಿಸುತ್ತಿದ್ದ: ಸೋಪು ಇದೆಯಾ, ಲೆಕ್ಕದ ಮೂರನೆಯ ಉತ್ತರ ಏನು, ಎದ್ದಿದ್ದೀಯಾ. ವಾರ್ಡನ್ನರ ಬೋಳುತಲೆಯ ಮೇಲಿಂದ ನಮ್ಮ ಅಂಚೆ ಹಾರುತ್ತಿತ್ತು. ಒಂದು ಸಲ ಗಾಳಿಗೆ ತಿರುಗಿ ಅವರ ಚಹಾದ ಲೋಟಕ್ಕೇ ಇಳಿಯಿತು. ಚೀಟಿಯಲ್ಲಿ 'ವಾರ್ಡನ್ ಮಲಗಿದ್ರಾ' ಎಂದಿತ್ತು. ಇಬ್ಬರೂ ಒಂದು ತಿಂಗಳು ಹಾಸ್ಟೆಲಿನ ಮೆಟ್ಟಿಲು ಗುಡಿಸಿದೆವು, ಅವನು ಮೇಲಿಂದ, ನಾನು ಕೆಳಗಿಂದ, ನಡುವೆ ಭೇಟಿಯಾದಾಗ ಕೈಕುಲುಕಿ ವಾಪಸ್ಸು.

ಹೊಸ ಕಟ್ಟಡಗಳಲ್ಲಿ ಲಿಫ್ಟಿನ ಮುಂದೆ ಉದ್ದನೆಯ ಖಾಲಿ ಪಡಸಾಲೆ ಇರುತ್ತದೆ, ಇನ್ನೂ ಯಾರೂ ವಾಸಕ್ಕೆ ಬಂದಿರುವುದಿಲ್ಲ. ಗ್ರೀಸ್ ಡಬ್ಬದ ಮುಚ್ಚಳವನ್ನು ಒಂದು ಸಲ ಎಸೆಯುತ್ತೇನೆ. ಗೋಡೆಗೆ ಬಡಿದು ಬೀಳುತ್ತದೆ. ನಾನೇ ಹೋಗಿ ಎತ್ತಿಕೊಂಡು ಬರುತ್ತೇನೆ. ವಯಸ್ಸಾದವನ ಹುಚ್ಚು ಎಂದುಕೊ.

ಎರಡನೆಯ ಟೂರ್ನಿಯದ್ದನ್ನು ಬೇಗ ಬರೆ.

ಮಾಮ

*

ನವೆಂಬರ್ ೧೮

ಪ್ರೀತಿಯ ಮಾಮ,

ಎರಡನೆಯ ಟೂರ್ನಿಯಲ್ಲಿ ಎರಡು ಗೆದ್ದೆವು, ಎರಡು ಸೋತೆವು. ಗೆದ್ದದ್ದನ್ನು ಆಮೇಲೆ ಬರೆಯುತ್ತೇನೆ. ಸೋತದ್ದರಲ್ಲೇ ಕಥೆ ಇರುವುದು.

ನಮ್ಮ ಕ್ಯಾಪ್ಟನ್ ಕೊನೆಯ ವರ್ಷದ ಅಕ್ಕ. ಎದುರಿನವರು ಅಲುಗಾಡದ ಹಾಗೆ ಅಡ್ಡ ನಿಲ್ಲುತ್ತಾಳೆಂದು ಅವಳಿಗೆ ಬೀಗ ಎಂದು ಹೆಸರು. ಕೊನೆಯ ಪಂದ್ಯದಲ್ಲಿ ಎರಡೂ ಕಡೆ ಸಮ ಅಂಕ. ಬೀಗಕ್ಕ ಆ ತುದಿಯಲ್ಲಿ, ಪಕ್ಕದ ಗೆರೆಯ ಬಳಿ ಹಾರಿ ಡಿಸ್ಕ್ ಹಿಡಿದಳು. ನಮ್ಮವರೆಲ್ಲ ಗೆದ್ದೆವೆಂದು ಕುಣಿದರು. ನಾನು ಗೆರೆಯ ಪಕ್ಕದಲ್ಲೇ ಇದ್ದೆ ಮಾಮ. ಅವಳ ಹಿಮ್ಮಡಿ ಇಳಿದದ್ದು ಸುಣ್ಣದ ಮೇಲೆ, ಗೆರೆ ತುಳಿದರೂ ಹೊರಗೆಂದೇ ಲೆಕ್ಕ. ಶೂಗೆ ಬಿಳಿ ಅಂಟಿದ್ದೂ ಕಾಣುತ್ತಿತ್ತು. ಎದುರು ತಂಡದವರು ಯಾರಾದರೂ ನೋಡಿದಿರಾ ಎಂದು ಕೇಳಿದರು. ಹತ್ತಿರ ಇದ್ದವರು ಹೇಳಬೇಕು, ಅದು ಆಟದ ನಿಯಮ. ಹೇಳಿದೆ.

"ಅಕ್ಕ, ಕಾಲು ಹೊರಗಿತ್ತು."

ಅವಳು ನನ್ನನ್ನು ಯಾರೋ ಗುರುತಿಲ್ಲದವರನ್ನು ನೋಡುವ ಹಾಗೆ ನೋಡಿ, ನಾನು ಒಪ್ಪಲ್ಲ ಎಂದಳು. ಒಪ್ಪದಿದ್ದರೆ ನಿಯಮ ನಿನಗೆ ಗೊತ್ತಲ್ಲ, ಯಾರದು ಸರಿ ಎಂದು ಜಗಳವಾಡುತ್ತ ಕೂರುವಂತಿಲ್ಲ. ಡಿಸ್ಕ್ ಹಿಂದಕ್ಕೆ, ಎಸೆದವನ ಕೈಗೇ ಹೋಗುತ್ತದೆ. ಎಲ್ಲರೂ ಮೊದಲಿದ್ದ ಜಾಗಕ್ಕೆ ಬಂದು ನಿಲ್ಲುತ್ತಾರೆ. ಆ ಒಂದು ಎಸೆತ ನಡೆದೇ ಇಲ್ಲ ಎನ್ನುವ ಹಾಗೆ ಮತ್ತೆ ಆಟ. ಎರಡನೆಯ ಸಲ ಡಿಸ್ಕ್ ನೆಲಕ್ಕೆ ಬಿತ್ತು. ಅವರು ಹೊಡೆದರು, ನಾವು ಸೋತೆವು.

ಬಸ್ಸಿನಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ. ಅಳು ಬಂತು, ಕಿಟಕಿಯ ಕಡೆ ತಿರುಗಿ ಕೂತೆ. ಬಹಳ ದೂರ ಬಂದ ಮೇಲೆ ಬೀಗಕ್ಕ ಎದ್ದು ಬಂದು ಪಕ್ಕದಲ್ಲಿ ಕೂತು ಕಿತ್ತಳೆ ಸುಲಿದಳು. ಅರ್ಧ ನನ್ನ ಕೈಗಿಟ್ಟು, "ಕಾಲು ಒಳಗೇ ಇತ್ತು ಕಣೇ" ಎಂದಳು. ಇಲ್ಲ ಅಕ್ಕ ಎಂದೆ. "ಸರಿ, ತಿನ್ನು" ಎಂದಳು. ಈಗ ಮೊದಲಿಗಿಂತ ಹೆಚ್ಚು ಗೆಳೆತನ.

ನಾನು ಮಾಡಿದ್ದು ಸರಿ ತಾನೆ ಮಾಮ? ಚಾಳೀಸು ಸರ್ ಬಸ್ಸು ಇಳಿಯುವಾಗ ತಲೆಯ ಮೇಲೆ ಕೈಯಿಟ್ಟು ಹೋದರು. ನಿನ್ನ ಬಾಯಿಂದ ಕೇಳಬೇಕು.

ಅಯ್ಯೋ

*

ನವೆಂಬರ್ ೨೭

ಪುಟ್ಟಿ,

ಕಾಗದ ತಲುಪಿತು. ಕೇಳಿದ್ದೀಯ, ಹೇಳುತ್ತೇನೆ. ಸರಿಯಲ್ಲ.

ಎದುರಿನವರಿಗೂ ಕಣ್ಣಿತ್ತು. ಅವರಿಗೆ ಕಾಣದ್ದನ್ನು ನೀನು ತೋರಿಸಿಕೊಡಬೇಕಾಗಿರಲಿಲ್ಲ. ಪ್ರಾಣ ಬಿಟ್ಟು ಹಾರಿದವಳ ಕಾಲಿನ ಕೆಳಗೆ ಸುಣ್ಣ ಹುಡುಕುವುದು ಗೆಳತಿಯ ಕೆಲಸವಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿನ್ನ ಕ್ಯಾಪ್ಟನ್ ಒಳ್ಳೆಯವಳು, ಕಿತ್ತಳೆ ಕೊಟ್ಟಳು. ಎಲ್ಲರೂ ಕೊಡುವುದಿಲ್ಲ.

ಇಲ್ಲಿ ಕೆಲಸ ಹೆಚ್ಚು. ಓದಿನ ಕಡೆ ಗಮನ ಕೊಡು.

ಮಾಮ

*

ಜನವರಿ ೮

ಮಾಮ,

ಡಿಸೆಂಬರ್ ಪೂರ್ತಿ ನಾನು ಬರೆಯಲಿಲ್ಲ, ನೀನೂ ಯಾಕೆಂದು ಕೇಳಲಿಲ್ಲ. ನಿನ್ನ ಕಾಗದ ಓದಿದ ಮೇಲೆ ಎರಡು ದಿನ ಮೈದಾನಕ್ಕೆ ಹೋಗಲಿಲ್ಲ. ನೀನು ನನ್ನನ್ನು ಬಯ್ದದ್ದು ಹುಟ್ಟಿದಂದಿನಿಂದ ಇದೇ ಮೊದಲು. ತಪ್ಪು ನನ್ನದೇ ಇರಬೇಕು, ಗೆಳೆಯನನ್ನು ಕಳೆದುಕೊಂಡ ಮನುಷ್ಯನಿಗೆ ಗೆಳೆತನದ ಪ್ರಶ್ನೆ ಕೇಳಬಾರದಿತ್ತು ಎಂದುಕೊಂಡೆ.

ಈಗ ಕೇಳು, ಆದದ್ದೇನೆಂದು.

ಮೊನ್ನೆ ಡಿಸ್ಕುಗಳ ಚೀಲ ತರಲು ಚಾಳೀಸು ಸರ್ ಅಂಗಡಿಗೆ ಹೋಗಿದ್ದೆ. ಅವರು ಯಾರದ್ದೋ ಕನ್ನಡಕದ ಕಡ್ಡಿಗೆ ಸಾಸಿವೆಯಷ್ಟು ಚಿಕ್ಕ ಸ್ಕ್ರೂ ಕೂರಿಸುತ್ತಿದ್ದರು. ಯಾಕಮ್ಮ ಮುಖ ಸಪ್ಪಗಿದೆ ಎಂದು ಕೇಳಿದರು. ಹೇಳಿಬಿಟ್ಟೆ. ನನ್ನ ಮಾಮನೂ ಇದೇ ತಂಡದಲ್ಲಿ ಆಡಿದವನು, ನನ್ನ ಮೇಲೆ ಬೇಜಾರು ಮಾಡಿಕೊಂಡಿದ್ದಾನೆ, ಅವನದೂ ತಪ್ಪಿಲ್ಲ, ಪಾಪ, ಕೊಕ್ಕರೆ ಅಂತ ಅವನ ಜೀವದ ಗೆಳೆಯರೊಬ್ಬರು ತೀರಿಕೊಂಡಿದ್ದಾರೆ ಎಂದೆ. ಸ್ಕ್ರೂ ಅವರ ಕೈಯಿಂದ ಬಿತ್ತು. ಇಬ್ಬರೂ ಮೊಣಕಾಲೂರಿ ನೆಲದ ಮೇಲೆ ಹುಡುಕತೊಡಗಿದೆವು. ಮೇಜಿನ ಕೆಳಗಿನಿಂದ ಅವರ ದನಿ ಬಂತು.

"ಕೊಕ್ಕರೆ ಸತ್ತಿದ್ದು ಯಾವಾಗಂತೆ?"

"ತುಂಬ ವರ್ಷ ಆಯ್ತಂತೆ ಸರ್."

"ಇರಬಹುದು. ನನಗೇ ಯಾರೂ ಹೇಳಿಲ್ಲ ನೋಡು."

ನಾನು ತಲೆ ಎತ್ತಿ ಮೇಜಿಗೆ ಹೊಡೆದುಕೊಂಡೆ. ಹಣೆಯಲ್ಲಿ ಇನ್ನೂ ಬುಗುಟು ಇದೆ. ಮಾಮ, ಬದುಕಿರುವವರ ಎದುರಿಗೇ ಕೂತು ಅವರ ಸಾವಿಗೆ ಮರುಗಿದವಳು ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು. ಅವರು ನಗುತ್ತಿದ್ದರು, ಆದರೆ ಎರಡೂ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾನು ಬುಗುರಿಯ ಮನೆಯವಳೆಂದು ಅವರಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ. ಎಸೆಯುವ ಮುಂಚೆ ಹಾಗೆ ನಾಲಿಗೆ ಕಚ್ಚುವವರನ್ನು ಅವರು ಇನ್ನೊಬ್ಬರನ್ನು ಮಾತ್ರ ನೋಡಿದ್ದಾರಂತೆ.

ನಿಮಗೂ ಮಾಮನಿಗೂ ಏನಾಯಿತು ಎಂದು ಕೇಳಿದೆ. "ಅವನನ್ನೇ ಕೇಳು. ಅವನಿಲ್ಲದಾಗ ಅವನ ಕಾಲಿನ ವಿಷಯ ನಾನು ಮಾತಾಡಲ್ಲ" ಎಂದರು.

ಕಾಲು ಎಂದ ತಕ್ಷಣ ನನಗೆ ನಿನ್ನ ನವೆಂಬರಿನ ಕಾಗದ ನೆನಪಾಯಿತು. ನೀನು ಬಯ್ದದ್ದು ನನ್ನನ್ನಲ್ಲ, ಅಲ್ಲವೆ?

ಬರೆ. ಈ ಸಲ ಪೂರ್ತಿ ಬರೆ.

*

ಜನವರಿ ೨೦

ಪುಟ್ಟೀ,

ಅವನಿಗೆ ಕನ್ನಡಕದ ಅಂಗಡಿಯೇ? ನನ್ನ ಕಾಲು ಕಾಣದವನು ಊರಿನವರ ಕಣ್ಣು ಸರಿಮಾಡುತ್ತಿದ್ದಾನೆ. ದೇವರಿಗೂ ತಮಾಷೆ ಗೊತ್ತಿದೆ.

ಅವನು ತೀರಿಕೊಂಡನೆಂದು ನೀನು ಬರೆದ ದಿನ, ನಿನಗೇನಾದರೂ ಸುದ್ದಿ ಗೊತ್ತಿದೆಯೋ ಎಂದು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದೆ. ಇಲ್ಲ, ಬರೀ ನಿನ್ನ ಊಹೆ ಎಂದು ಗೊತ್ತಾದ ಮೇಲೆಯೇ ಮತ್ತೆ ಕೆಲಸಕ್ಕಿಳಿದೆ. ತಿದ್ದಿದರೆ ಕಾರಣ ಕೇಳುತ್ತೀಯ ಎಂದು ತಿದ್ದಲಿಲ್ಲ.

ನಮ್ಮ ತಂಡದ ಮೊದಲ ವರ್ಷದ ಕೊನೆಯ ಪಂದ್ಯ, ನಿಮ್ಮ ಈಗಿನ ಮೈದಾನದಲ್ಲೇ. ಅಂಕ ಸಮ. ಮುಂದಿನದು ಯಾರಿಗೋ ಕಪ್ ಅವರಿಗೆ. ನಿನ್ನಮ್ಮ ಬಿಸಿಲಿಗೆ ಕೊಡೆ ಹಿಡಿದು ಅಂಚಿನಲ್ಲಿ ನಿಂತಿದ್ದಳು. ಕೊಕ್ಕರೆಯ ಕೈಗೆ ಡಿಸ್ಕ್ ಬಂತು, ಪಕ್ಕದ ಗೆರೆಯ ಹತ್ತಿರವೇ. ನಾನು ಗೆರೆಯ ಗುಂಟ ದೂರದ ಮೂಲೆಗೆ ಓಡಿದೆ. ಎಂದಿನಂತೆ ತಿರುಗಿ ನೋಡಲಿಲ್ಲ. ತಲೆ ಎತ್ತಿದರೆ ಡಿಸ್ಕ್ ಅಲ್ಲಿತ್ತು. ಹಾರಿದೆ, ಹಿಡಿದೆ, ಇಳಿದೆ. ಬದುಕಿನಲ್ಲಿ ಅಷ್ಟು ಎತ್ತರ ನಾನು ಮತ್ತೆ ಹಾರಲಿಲ್ಲ. ದಿನವೂ ಹತ್ತಂತಸ್ತು ಹತ್ತಿ ಇಳಿಯುವವನು ಹೇಳುತ್ತಿದ್ದೇನೆ.

ನನ್ನ ಬೆನ್ನು ಹತ್ತಿದ್ದ ಹುಡುಗ ಬಿದ್ದಿದ್ದ, ಅವನಿಗೇನೂ ಕಾಣಲಿಲ್ಲ. ಒಳಗಾ ಎಂದು ಕೇಳಿದ. ಗೆರೆ ನೇರವಾಗಿ ಕಾಣುತ್ತಿದ್ದದ್ದು ಕೊಕ್ಕರೆಗೆ ಮಾತ್ರ. ಎಲ್ಲರೂ ಅವನ ಕಡೆ ತಿರುಗಿದರು. ಅವನು ಹೊರಗೆ ಎಂದ. ಅಷ್ಟೇ, ಒಂದೇ ಮಾತು.

ನಾನು ಡಿಸ್ಕನ್ನು ಹುಲ್ಲಿನ ಮೇಲಿಟ್ಟೆ. ಶೂ ಬಿಚ್ಚಿ ಕೈಯಲ್ಲಿ ಹಿಡಿದು ಗೇಟು ದಾಟಿದೆ. ನಾನು ಹೋದೆನೆಂದರೆ ಒಪ್ಪಿದೆನೆಂದೇ ತಿಳಿದು ಡಿಸ್ಕ್ ಅವರಿಗೆ ಕೊಟ್ಟರಂತೆ. ಅವರು ಗೆದ್ದರು. ನಾನು ಹಾಸ್ಟೆಲಿಗೆ ಹೋಗದೆ ಮನೆಯಲ್ಲೇ ಉಳಿದೆ, ಕೊಕ್ಕರೆ ಎರಡು ಸಲ ಅಲ್ಲಿಗೆ ಬಂದ. ಇಲ್ಲ ಎನ್ನು ಎಂದು ಅಕ್ಕನಿಗೆ ಹೇಳಿ ನಾನು ಒಳಕೋಣೆಯಲ್ಲಿ ಕೂತೆ. ಆ ತಿಂಗಳೇ ಈ ಕೆಲಸ ಹಿಡಿದು ಹೊರಟೆ. ಇಪ್ಪತ್ತೆರಡು ವರ್ಷವಾಯಿತು.

ಕಾಲು ಒಳಗಿತ್ತು ಪುಟ್ಟಿ. ನನ್ನ ಕಾಲು ನನಗೆ ಗೊತ್ತಿಲ್ಲವೆ? ಕಪ್ ಹೋದದ್ದಕ್ಕೆ ನನಗೆ ದುಃಖವಿಲ್ಲ, ಅದು ತಗಡಿನದು. ನಾನು ಯಾರನ್ನು ತಿರುಗಿ ನೋಡದೆ ಓಡುತ್ತಿದ್ದೆನೋ ಅವನೇ ನನ್ನ ಕಡೆ ಇರಲಿಲ್ಲವಲ್ಲ, ಆ ನೋವು ಇಂದಿಗೂ ಇದೆ. ಅವನಿಲ್ಲದೆ ನನಗೆ ಇನ್ನೊಬ್ಬ ಗೆಳೆಯ ಸಿಕ್ಕಲಿಲ್ಲ ಎಂಬುದೂ ನಿಜ.

ಟೂರ್ನಿಗೆ ಬರಲಾರೆ. ತಪಾಸಣೆ ಎಂದದ್ದು ಸುಳ್ಳಲ್ಲ, ಆದರೆ ಕಾರಣ ಅದಲ್ಲ. ಹೊಟ್ಟೆಗೆ ಹಾಕಿಕೊ. ನೀನು ಚೆನ್ನಾಗಿ ಆಡು.

ಮಾಮ

*

ಫೆಬ್ರವರಿ ೧೨

ಪ್ರೀತಿಯ ಮಾಮ,

ಮೂರನೆಯ ಸ್ಥಾನ. ಐದಕ್ಕೆ ಐದು ಸೋತಿದ್ದ ತಂಡ ನಮ್ಮದು, ನೆನಪಿದೆಯಲ್ಲ. ಕೊನೆಯ ಅಂಕ ನನ್ನದು. ಬೀಗಕ್ಕ ಎಸೆದಳು, ನಾನು ಮೂಲೆಯಲ್ಲಿ ಹಿಡಿದೆ, ಅಯ್ಯೋ ಎನ್ನಲಿಲ್ಲ. ಆಡುವಷ್ಟು ಹೊತ್ತೂ ಗೇಟಿನ ಕಡೆ ನೋಡುತ್ತಿದ್ದೆ. ನೀನು ಬರುವುದಿಲ್ಲ ಎಂದು ಬರೆದಿದ್ದರೂ ನೋಡುತ್ತಿದ್ದೆ.

ನೀನು ಬರಲಿಲ್ಲ, ಅಮ್ಮ ಬಂದಳು. ಅವಳಿಗೆ ಸೆಪ್ಟೆಂಬರಿನಿಂದಲೇ ಗೊತ್ತಿತ್ತಂತೆ. ಗ್ರಂಥಾಲಯದಲ್ಲಿ ಓದುವವಳ ಕಾಲುಚೀಲಕ್ಕೆ ಹುಲ್ಲು ಅಂಟುವುದಿಲ್ಲ ಎನ್ನುವಷ್ಟು ರಸಾಯನಶಾಸ್ತ್ರ ತನಗೂ ಬರುತ್ತದೆ ಎಂದಳು. ಅದೇ ಹಳೆಯ ಕೊಡೆ ಹಿಡಿದು ಅಂಚಿನಲ್ಲಿ ನಿಂತಿದ್ದಳು. ಚಾಳೀಸು ಸರ್ ಅವಳನ್ನು ಕಂಡು ಶಾಲೆಯ ಹುಡುಗನ ಹಾಗೆ ಕೈಕಟ್ಟಿ ನಿಂತರು. "ಆಗ ಎಷ್ಟು ತೆಳ್ಳಗಿದ್ಯಲ್ಲೋ" ಎಂದಳು ಅಮ್ಮ. ಆಮೇಲೆ, ಅವತ್ತು ನೀನು ಬಂದಾಗ ಅವನು ಒಳಗೇ ಇದ್ದ ಎಂದಳು. ಗೊತ್ತಿತ್ತು ಅಕ್ಕ, ಬಾಗಿಲ ಹತ್ತಿರ ಶೂ ಇತ್ತು ಎಂದರು ಅವರು.

ತಂಡದವರೆಲ್ಲ ಹೋದ ಮೇಲೆ ನಿನ್ನ ಕಾಗದದಲ್ಲಿದ್ದದ್ದನ್ನು ಅವರಿಗೆ ಹೇಳಿದೆ. ನಿನ್ನ ಅಪ್ಪಣೆ ಕೇಳಿರಲಿಲ್ಲ, ಬಯ್ಯುವುದಿದ್ದರೆ ಬಯ್ಯು. ಕಾಲು ಒಳಗಿತ್ತು ಎನ್ನುತ್ತಾನೆ ಮಾಮ ಎಂದೆ. ಅವರು ಆ ಮೂಲೆಗೆ ಕರೆದುಕೊಂಡು ಹೋದರು. ಕೊನೆಯ ಅಂಕಕ್ಕೆ ನಾನು ಹಿಡಿದದ್ದೂ ಅದೇ ಮೂಲೆಯಲ್ಲಿ. ಅಲ್ಲಿ ನಿಂತು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

"ನನಗೆ ಕಂಡಿದ್ದು ನಾನು ಹೇಳ್ದೆ. ನನ್ನ ಕಣ್ಣೇ ತಪ್ಪಿರಬಹುದು, ಅದಕ್ಕೇ ತಾನೆ ಆಟದಲ್ಲಿ ಒಪ್ಪಲ್ಲ ಅನ್ನೋಕೆ ಅವಕಾಶ ಇರೋದು. ಅವನು ಒಪ್ಪಿದೆ ಅಂತಾನೂ ಹೇಳ್ಲಿಲ್ಲ, ಒಪ್ಪಲ್ಲ ಅಂತಾನೂ ಹೇಳ್ಲಿಲ್ಲ. ಶೂ ಹಿಡ್ಕೊಂಡು ಹೋಗ್ಬಿಟ್ಟ. ಒಪ್ಪಲ್ಲ ಅಂದಿದ್ರೆ ಡಿಸ್ಕ್ ನನ್ನ ಕೈಗೇ ಬರ್ತಿತ್ತಲ್ಲಮ್ಮ. ಮತ್ತೆ ಅವನಿಗೇ ಎಸೀತಿದ್ದೆ. ಅವನು ಇನ್ನೊಂದ್ಸಲ ಹಿಡೀತಿದ್ದ, ಅದು ನನಗೆ ಗೊತ್ತಿತ್ತು. ಅವನ ಮಾತಿಗೇ ಕಾಯ್ತಾ ನಿಂತಿದ್ದೆ ನಾನು. ಇನ್ನೂ ಹಾಗೇ ನಿಂತಿದ್ದೀನಿ."

ಬರುತ್ತಾ ದಾರಿಯಲ್ಲಿ ಅಮ್ಮನನ್ನು ಕೇಳಿದೆ, ನೀನೂ ಅಲ್ಲೇ ಇದ್ದೆಯಲ್ಲ, ಕಾಲು ಒಳಗಿತ್ತೋ ಹೊರಗಿತ್ತೋ ಎಂದು. "ಕಾಲು ಯಾರು ನೋಡಿದ್ರು? ಅವನು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ನಾನು ನೋಡಿದ್ದು ಅವನು ಹೋಗಿದ್ದು" ಎಂದಳು. ಕೊಡೆ ಮಡಿಸುವ ನೆಪದಲ್ಲಿ ಹಿಂದೆ ಉಳಿದಳು.

ಮೈದಾನದ ಸುಣ್ಣದ ಗೆರೆಗಳನ್ನು ಯಾರೂ ಅಳಿಸುವುದಿಲ್ಲವಂತೆ, ಮುಂದಿನ ಮಳೆಗೆ ತಾವೇ ಮಾಸುತ್ತವೆ ಎಂದು ಮಾಲಿ ಹೇಳಿದ. ಬೇರೇನೂ ಬರೆಯಲು ತೋಚುತ್ತಿಲ್ಲ.

ಅಯ್ಯೋ

*

ಫೆಬ್ರವರಿ ೨೧

ಪುಟ್ಟೀ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಜೇಬಿನಲ್ಲೇ ಇದೆ, ಗ್ರೀಸ್ ಅಂಟಿ ಅರ್ಧ ಅಕ್ಷರ ಕಾಣುವುದಿಲ್ಲ, ಪರವಾಗಿಲ್ಲ, ಬಾಯಿಪಾಠವಾಗಿದೆ.

ಕೊನೆಯ ಅಂಕ ನಿನ್ನದು ಎಂದು ಇಲ್ಲಿ ಎಲ್ಲರಿಗೂ ಹೇಳಿದೆ. ನಮ್ಮ ಮೇಸ್ತ್ರಿಗೆ ಫ್ರಿಸ್ಬಿ ಎಂದರೇನೆಂದು ಗೊತ್ತಿಲ್ಲ, ಆದರೂ ಚಹಾ ಕೊಡಿಸಿದ. ನವೆಂಬರಿನಲ್ಲಿ ನಾನು ಬರೆದದ್ದನ್ನು ಹರಿದುಹಾಕು. ನೀನು ಕಂಡದ್ದು ಹೇಳಿದೆ, ನಿನ್ನ ಬೀಗಕ್ಕ ಒಪ್ಪಲಿಲ್ಲ, ಇಬ್ಬರೂ ಕಿತ್ತಳೆ ತಿಂದಿರಿ. ಹತ್ತೊಂಬತ್ತು ವರ್ಷದವರಿಗೆ ತಿಳಿದದ್ದು ನನಗೆ ಈ ವಯಸ್ಸಿನಲ್ಲಿ ತಿಳಿಯಬೇಕಾಯಿತು. ಅಕ್ಕನಿಗೆ ಹೇಳು, ಬಾಗಿಲಲ್ಲಿ ನಿಂತು ನನ್ನ ಪರವಾಗಿ ಸುಳ್ಳು ಹೇಳಿದ್ದು ಸಾಕು ಎಂದು.

ಮೇಸ್ತ್ರಿಯ ಹತ್ತಿರ ರಜೆ ಕೇಳಿದೆ. ಯಾಕೆ ಎಂದ. ಒಂದು ಆಟ ಅರ್ಧಕ್ಕೆ ನಿಂತಿದೆ ಎಂದೆ. ಭಾನುವಾರ ಬೆಳಿಗ್ಗೆ ಬಸ್ಸು ಇಳಿದು ನೇರ ಮೈದಾನಕ್ಕೇ ಬರುತ್ತೇನೆ. ಅಡುಗೆಮನೆಯ ಸ್ಟೂಲು ಆಮೇಲೆ. ಅಲ್ಲಿಯವರೆಗೆ ಮಳೆ ಬರದಿರಲಿ.

ನೀನು ಈಗಲೇ ಎದ್ದು ಅವನ ಅಂಗಡಿಗೆ ಹೋಗು. ಬುಗುರಿ ಒಪ್ಪುವುದಿಲ್ಲ ಎಂದು ಹೇಳು. ಅಷ್ಟೇ ಹೇಳಿದರೆ ಸಾಕು, ಅವನಿಗೆ ಅರ್ಥವಾಗುತ್ತದೆ. ಹೇಳಿ, ಡಿಸ್ಕನ್ನು ಅವನ ಕೈಗೆ ಕೊಡು.

ಆ ಮೂಲೆಯವರೆಗೆ ಮೊದಲಿನ ಹಾಗೆ ಓಡಲು ನನಗೆ ಈಗ ಆಗುವುದಿಲ್ಲ. ಸ್ವಲ್ಪ ನಿಧಾನವಾಗಿ ಎಸೆಯಲು ಹೇಳು.

ಮಾಮ